ಸುಕ್ರಾಲ್ಫೇಟ್ ಕುಡಿಯುವುದು ಊಟಕ್ಕೆ ಮೊದಲು

ಹೊಟ್ಟೆಯ ಹುಣ್ಣಿಗೆಂದು ವೈದ್ಯರು ಬರೆದ ಸುಕ್ರಾಲ್ಫೇಟ್ ಬಾಟಲಿಯನ್ನು ಕೈಗಿತ್ತ ಕೂಡಲೇ ನನ್ನ ಔಷಧದ ಅಂಗಡಿಯಲ್ಲಿ ಕೇಳಿಬರುವುದು ಒಂದೇ ಮಾತು: ‘ಊಟವಾದ ಮೇಲೆ ತಾನೇ ಮೇಡಂ?’

ಅಲ್ಲ. ಊಟಕ್ಕೆ ಒಂದು ಗಂಟೆ ಮೊದಲು, ಖಾಲಿ ಹೊಟ್ಟೆಗೆ. ಹುಣ್ಣಿಗೆ ಕೊಡುವ ಇನ್ನೊಂದು ಔಷಧ ಪ್ಯಾಂಟೊಪ್ರಜೋಲ್, ಅದು ಆಮ್ಲ ಸ್ರವಿಸುವುದನ್ನೇ ತಗ್ಗಿಸುತ್ತದೆ. ಸುಕ್ರಾಲ್ಫೇಟ್ ಕೆಲಸ ಬೇರೆ. ಜಠರದ ಆಮ್ಲ ತಗುಲಿದಾಗ ಅಂಟಾಗಿ, ಹುಣ್ಣಿನ ಮೇಲೆ ಪದರ ಕಟ್ಟುತ್ತದೆ. ಧೂಳು ಕೂತ ಗೋಡೆಗೆ ಸುಣ್ಣ ಹಿಡಿಯದು. ಅನ್ನ ತುಂಬಿದ ಹೊಟ್ಟೆಯಲ್ಲಿ ಇದರ ಪಾಡೂ ಅಷ್ಟೇ.

ವಯಸ್ಕರಿಗೆ ಸಾಮಾನ್ಯವಾಗಿ ಬರೆಯುವುದು 1 ಗ್ರಾಂ, ದಿನಕ್ಕೆ 4 ಸಲ. ತಿಂಡಿ 9ಕ್ಕಾದರೆ ಔಷಧ 8ಕ್ಕೆ, ಮಧ್ಯಾಹ್ನದ ಮತ್ತು ರಾತ್ರಿಯ ಊಟಕ್ಕೂ ಅದೇ ಲೆಕ್ಕ, ಕೊನೆಯದು ಮಲಗುವಾಗ. ಬಾಟಲಿಯನ್ನು ಚೆನ್ನಾಗಿ ಕುಲುಕಿ, ಅದರ ಜೊತೆ ಬಂದ ಅಳತೆಯ ಮುಚ್ಚಳದಲ್ಲೇ ಸುರಿದುಕೊಳ್ಳಿ. ಸಾರಿನ ಚಮಚ ಬೇಡ. ಉರಿ ನಿಂತಿತೆಂದು ವಾರಕ್ಕೇ ಬಿಡಬೇಡಿ, ಹುಣ್ಣು ಮಾಯಲು 4ರಿಂದ 8 ವಾರ ಬೇಕಾಗುತ್ತದೆ.

ನಿಜವಾದ ತೊಡಕು ಬೇರೆ ಮಾತ್ರೆಗಳದ್ದು. ಸುಕ್ರಾಲ್ಫೇಟ್ ಅವುಗಳನ್ನೂ ಹಿಡಿದಿಟ್ಟುಕೊಂಡು ರಕ್ತಕ್ಕೆ ಸೇರಲು ಬಿಡುವುದಿಲ್ಲ. ಥೈರಾಯ್ಡ್ ಮಾತ್ರೆಗೂ ಇದಕ್ಕೂ 4 ಗಂಟೆಯ ಅಂತರವಿರಬೇಕು. ಬೆಳಿಗ್ಗೆ 6ಕ್ಕೆ ಥೈರಾಯ್ಡ್ ಮಾತ್ರೆ ನುಂಗುವವರಿಗೆ 8ರ ಔಷಧ ಹೊಂದುವುದಿಲ್ಲ. ಯಾವುದನ್ನು ಯಾವಾಗ ಎಂದು ವೈದ್ಯರಿಂದಲೇ ಬರೆಸಿಕೊಳ್ಳಿ. ಸಿಪ್ರೊಫ್ಲಾಕ್ಸಾಸಿನ್ ಎಂಬ ಆ್ಯಂಟಿಬಯಾಟಿಕ್ ಇದ್ದರೆ ಅದನ್ನು ಕನಿಷ್ಠ 2 ಗಂಟೆ ಮೊದಲೇ ತೆಗೆದುಕೊಳ್ಳಬೇಕು. ಆಮ್ಲ ತಣಿಸುವ ಆಂಟಾಸಿಡ್‌ಗೆ ಅರ್ಧ ಗಂಟೆಯ ಬಿಡುವು ಸಾಕು.

ಮಲಬದ್ಧತೆ ಆಗಬಹುದು, ನೀರು ಹೆಚ್ಚು ಕುಡಿಯಿರಿ. ಇದರಲ್ಲಿ ಅಲ್ಯೂಮಿನಿಯಂ ಇರುವುದರಿಂದ ಮೂತ್ರಪಿಂಡದ ಕಾಯಿಲೆಯವರು ಮೊದಲೇ ವೈದ್ಯರಿಗೆ ಹೇಳಬೇಕು.

ಕೆಲವರು ಇದರ ಜೊತೆಗೇ ಮಂಡಿನೋವಿಗೆ ಡೈಕ್ಲೋಫಿನ್ಯಾಕ್ ಕೇಳುತ್ತಾರೆ. ಅಲ್ಲಿ ನಾನು ಜಗಳಕ್ಕೇ ನಿಲ್ಲುತ್ತೇನೆ, ಹುಣ್ಣು ಮಾಡುವುದೂ ಅಂಥ ಮಾತ್ರೆಗಳೇ. ಇನ್ನೊಂದು ಕಾರಣ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ. ಅದನ್ನು ತೋರಿಸಿಕೊಟ್ಟ ಮಾರ್ಷಲ್ ಮತ್ತು ವಾರೆನ್ ಅವರಿಗೆ 2005ರಲ್ಲಿ ನೊಬೆಲ್ ಬಂತು. ಪರೀಕ್ಷೆಯಲ್ಲಿ ಅದು ಕಂಡುಬಂದರೆ ಆ್ಯಂಟಿಬಯಾಟಿಕ್ ಚಿಕಿತ್ಸೆ ಬೇಕು, ಈ ಬಾಟಲಿಯೊಂದರಿಂದ ಆಗದು. ಮಲ ಡಾಂಬರಿನಂತೆ ಕಪ್ಪಾದರೆ ಅಥವಾ ವಾಂತಿಯಲ್ಲಿ ರಕ್ತ ಬಂದರೆ ನನ್ನ ಅಂಗಡಿಗೆ ಬರಬೇಡಿ, ನೇರ ಆಸ್ಪತ್ರೆಗೆ ಹೋಗಿ.