ಮೂಸಂಬಿ ಕಹಿಯಾದ ಮೇಲೆ ಕಲಿತದ್ದು

ಮನೆಯಲ್ಲಿ ಮೊದಲ ಸಲ ಮಾಡಿದ ಮೂಸಂಬಿ ಜ್ಯೂಸನ್ನು ಮಗಳು ಒಂದು ಗುಟುಕು ಕುಡಿದು ಸಿಂಕಿಗೆ ಉಗಿದಳು. "ಅಪ್ಪಾ, ಇದಕ್ಕೆ ಬೇವಿನ ಸೊಪ್ಪು ಹಾಕಿದ್ದೀಯಾ?" ಅಂತ ಕೇಳಿದಳು. ಹಾಕಿದ್ದು ಆರು ಮೂಸಂಬಿ, ಎರಡು ಚಮಚ ಸಕ್ಕರೆ, ಅಷ್ಟೇ. ಸಿಪ್ಪೆ ಸುಲಿದು ತೊಳೆಗಳನ್ನು ಇದ್ದ ಹಾಗೇ ಜಾರಿಗೆ ತುಂಬಿ, ಎರಡು ನಿಮಿಷ ಮಿಕ್ಸಿ ಓಡಿಸಿ ಸೋಸಿದ್ದೆ. ನಾನೂ ಕುಡಿದು ನೋಡಿದೆ. ಅವಳು ಉಗಿದದ್ದರಲ್ಲಿ ತಪ್ಪೇನಿರಲಿಲ್ಲ.

ಈ ಸಾಹಸಕ್ಕೆ ಕಾರಣ ನನ್ನ ಬೆಳಗಿನ ವಾಕಿಂಗು. ಮೈಸೂರಿನ ಕುಕ್ಕರಹಳ್ಳಿ ಕೆರೆ ಒಂದು ಸುತ್ತು ಹಾಕಿ ಮನೆಗೆ ಬರುವ ದಾರಿಯಲ್ಲಿ ಒಂದು ತಳ್ಳುಗಾಡಿ ನಿಲ್ಲುತ್ತಿತ್ತು. ಬೂದುಗುಂಬಳ, ಹಾಗಲಕಾಯಿ, ನೆಲ್ಲಿಕಾಯಿ, ಬೀಟ್‌ರೂಟ್-ಕ್ಯಾರೆಟ್, ಯಾವುದು ಕೇಳಿದರೂ ಲೋಟಕ್ಕೆ ಮೂವತ್ತು ರೂಪಾಯಿ. ದಿನಾ ಕುಡಿಯುತ್ತಿದ್ದೆ. ತಿಂಗಳ ಕೊನೆಗೆ ಹೆಂಡತಿ ಲೆಕ್ಕ ಹಾಕಿ, "ಒಂಬೈನೂರು ರೂಪಾಯಿ ಬರೀ ಕ್ಯಾರೆಟ್ ನೀರಿಗಾ ರೀ? ಮನೇಲಿ ಮಿಕ್ಸಿ ಇಲ್ವಾ?" ಅಂದಳು. ಮಿಕ್ಸಿ ಇತ್ತು. ಅದೇ ತೊಂದರೆ ಅಂತ ಆಮೇಲೆ ಗೊತ್ತಾಯಿತು.

ಮಿಕ್ಸಿಯ ಬ್ಲೇಡು ನಿಮಿಷಕ್ಕೆ ಸುಮಾರು 18,000ದಿಂದ 20,000 ಸುತ್ತು ತಿರುಗುತ್ತದೆ. ಅದಕ್ಕೆ ಹಣ್ಣಿನ ತಿರುಳು, ಬೀಜ, ತೊಳೆಯ ಮೇಲಿನ ಬಿಳಿ ನಾರು ಎಲ್ಲ ಒಂದೇ. ಮೂಸಂಬಿಯ ಕಹಿ ಇರುವುದೇ ಆ ಬೀಜದಲ್ಲಿ, ಬಿಳಿ ಪದರದಲ್ಲಿ. ಅಲ್ಲಿಗೆ ಒಂದು ಪಾಠವಾಯಿತು: ಬೀಜ ಒಡೆಯಬಾರದು. ಮಾರನೇ ದಿನ ಕೂತು ಒಂದೊಂದೇ ಬೀಜ ಆರಿಸಿ, ಬಿಳಿ ನಾರು ಕಿತ್ತು, ಮಿಕ್ಸಿಯನ್ನು ಎರಡೇ ಸಲ ತಿರುಗಿಸಿ ನಿಲ್ಲಿಸಿದೆ. ಜ್ಯೂಸು ಚೆನ್ನಾಗಿಯೇ ಬಂತು. ಉಳಿದ ಒಂದು ಲೋಟವನ್ನು ಬಾಟಲಿಗೆ ಹಾಕಿ ಫ್ರಿಜ್ಜಿನಲ್ಲಿಟ್ಟು, ಸಾಯಂಕಾಲ ಆಫೀಸಿನಿಂದ ಬಂದು ಕುಡಿದರೆ ಮತ್ತೆ ಕಹಿ!

ಬೆಳಿಗ್ಗೆ ಸಿಹಿಯಾಗಿದ್ದದ್ದು ಸಂಜೆಗೆ ಕಹಿಯಾಗುವುದು ಹೇಗೆ ಅಂತ ಹುಡುಕಿಕೊಂಡು ಹೋದಾಗ ಸಿಕ್ಕಿದ ಹೆಸರು ಲಿಮೊನಿನ್. ನಿಂಬೆ, ಕಿತ್ತಳೆ ಜಾತಿಯ ಹಣ್ಣು ಇಡಿಯಾಗಿರುವಾಗ ಈ ಕಹಿ ಅದರ ತಿರುಳಿನಲ್ಲಿ ಕಹಿಯಾಗಿ ಇರುವುದೇ ಇಲ್ಲ. ರುಚಿಯಿಲ್ಲದ ಇನ್ನೊಂದು ರೂಪದಲ್ಲಿ ತಿರುಳಿನ ಪೊರೆಯಲ್ಲಿ ಕೂತಿರುತ್ತದೆ. ಹಿಂಡಿದಾಗ ಪೊರೆ ಹರಿದು ಹುಳಿರಸದ ಜೊತೆ ಸೇರುತ್ತದೆ. ಆ ಹುಳಿಗೆ ಸಿಕ್ಕಿ ಗಂಟೆಗಟ್ಟಲೆ ಕಳೆದಂತೆ ನಿಧಾನಕ್ಕೆ ಲಿಮೊನಿನ್ ಆಗುತ್ತದೆ. ಅಂಗಡಿಯವನು ಕಣ್ಣೆದುರೇ ಹಿಂಡಿ ಕೊಡುವುದೇ ಸರಿ ಅಂತ ಆವತ್ತು ಅರ್ಥವಾಯಿತು. ಈಗ ಮೂಸಂಬಿಯನ್ನು ಮಿಕ್ಸಿಗೆ ಹಾಕುವುದೇ ಇಲ್ಲ. ಅಡ್ಡ ಕತ್ತರಿಸಿ, ನಡುವೆ ಗುಬುಟು ಇರುವ ಪ್ಲಾಸ್ಟಿಕ್ ಬಟ್ಟಲಿನ ಮೇಲೆ ಕೈಯಲ್ಲೇ ತಿರುವಿ ಹಿಂಡುತ್ತೇನೆ, ಅದೂ ಬಿಳಿ ಸಿಪ್ಪೆ ಬಟ್ಟಲಿಗೆ ಉಜ್ಜುವವರೆಗೆ ಅಲ್ಲ. ಹಿಂಡಿದ್ದನ್ನು ಅಲ್ಲೇ ನಿಂತು ಕುಡಿದು ಮುಗಿಸುವುದು.

ಕ್ಯಾರೆಟ್ಟಿನ ಕಥೆ ಬೇರೆ. ಅದಕ್ಕೆ ಕೋಲ್ಡ್ ಪ್ರೆಸ್ ಯಂತ್ರವೇ ಬೇಕು ಅಂತ ಎಲ್ಲರೂ ಹೇಳಿದರು. ನನ್ನ ಅದೃಷ್ಟಕ್ಕೆ ಭಾವಮೈದ ಎರಡು ವರ್ಷದ ಹಿಂದೆ ಉತ್ಸಾಹದಲ್ಲಿ ಒಂದು ಕೊಂಡು, ಮೂರು ವಾರ ಓಡಿಸಿ ಅಟ್ಟಕ್ಕೆ ಹಾಕಿದ್ದ. ಕೇಳಿದ ಕೂಡಲೇ ಡಬ್ಬದ ಸಮೇತ ತಂದುಕೊಟ್ಟ. ಅಷ್ಟು ಸಂತೋಷವಾಗಿ ಕೊಟ್ಟಾಗಲೇ ನನಗೆ ಅನುಮಾನ ಬರಬೇಕಿತ್ತು. ಯಂತ್ರದ ಕೆಲಸಕ್ಕೆ ಹೆಸರಿಡುವಂತಿಲ್ಲ. ನಿಮಿಷಕ್ಕೆ ಐವತ್ತು ಚಿಲ್ಲರೆ ಸುತ್ತು ತಿರುಗುವ ದಪ್ಪ ತಿರುಪು ಕ್ಯಾರೆಟ್ಟನ್ನು ಅರೆಯುವುದಿಲ್ಲ, ಜಜ್ಜಿ ಹಿಂಡುತ್ತದೆ. ನೊರೆ ಕಡಿಮೆ, ಹಿಪ್ಪೆ ಕೈಗೆ ಒಣ ಒಣ. ಒಂದು ಕೆಜಿ ಊಟಿ ಕ್ಯಾರೆಟ್ಟಿಗೆ ನನಗೆ ಅರ್ಧ ಲೀಟರಿನ ಆಸುಪಾಸು ರಸ ಸಿಕ್ಕಿತು. ಆದರೆ ಜ್ಯೂಸಿಗೆ ಐದು ನಿಮಿಷ, ಅದರ ಜರಡಿಯ ತೂತುಗಳನ್ನು ಬ್ರಷ್ ಹಾಕಿ ತಿಕ್ಕುವುದಕ್ಕೆ ಹದಿನೈದು ನಿಮಿಷ. ತಿಕ್ಕದೆ ಒಂದು ಗಂಟೆ ಬಿಟ್ಟರೆ ನಾರು ಒಣಗಿ ಸಿಮೆಂಟಿನ ಹಾಗೆ ಕೂರುತ್ತದೆ. ಒಂದೂವರೆ ತಿಂಗಳು ತಿಕ್ಕಿ, ಯಂತ್ರವನ್ನು ವಾಪಸು ಕೊಡಲು ಹೋದೆ. ಅವನು ತೆಗೆದುಕೊಳ್ಳಲಿಲ್ಲ. ಈಗ ಅದು ನಮ್ಮ ಅಟ್ಟದಲ್ಲಿದೆ.

ಹಾಗಾಗಿ ಹೊಸದಾಗಿ ಶುರು ಮಾಡುವವರು ನನ್ನನ್ನು ಕೇಳಿದರೆ ಯಂತ್ರ ಕೊಳ್ಳಬೇಡಿ ಅಂತಲೇ ಹೇಳುತ್ತೇನೆ. ನಿಮ್ಮ ಮನೆಯ ಮಿಕ್ಸಿ, ಒಂದು ಹಳೇ ಬಿಳಿ ಪಂಚೆಯ ತುಂಡು ಸಾಕು. ಎರಡು ಲೋಟಕ್ಕೆ ನಾಲ್ಕು ಕ್ಯಾರೆಟ್ಟನ್ನು ಸಣ್ಣಗೆ ಹೆಚ್ಚಿ, ಉಗುರಿನಷ್ಟು ಶುಂಠಿ ಸೇರಿಸಿ, ಮುಕ್ಕಾಲು ಲೋಟ ನೀರು ಹಾಕಿ ರುಬ್ಬಿ. ನೀರು ಕಡಿಮೆಯಾದರೆ ಬ್ಲೇಡು ಸುಮ್ಮನೆ ಗಾಳಿ ಕಡೆಯುತ್ತದೆ, ಜಾಸ್ತಿಯಾದರೆ ರುಚಿ ಸಪ್ಪೆ. ಪಂಚೆ ತುಂಡನ್ನು ಪಾತ್ರೆಯ ಮೇಲೆ ಹರಡಿ ಸುರಿದು, ನಾಲ್ಕು ಮೂಲೆ ಹಿಡಿದು ಗಂಟಿನ ಹಾಗೆ ತಿರುಚಿ ಹಿಂಡಿದರೆ ಬೇಕಾದ ರಸವೆಲ್ಲ ಇಳಿಯುತ್ತದೆ. ಅರ್ಧ ನಿಂಬೆಹಣ್ಣು ಹಿಂಡಿ, ಒಂದು ಚಿಟಿಕೆ ಉಪ್ಪು ಹಾಕಿ. ಬಟ್ಟೆಯಲ್ಲಿ ಉಳಿದ ಹಿಪ್ಪೆಯನ್ನು ಎಸೆದರೆ ನಮ್ಮಮ್ಮ ಬಿಡುವುದಿಲ್ಲ. ಅದಕ್ಕೆ ಅಕ್ಕಿಹಿಟ್ಟು, ಈರುಳ್ಳಿ, ಹಸಿಮೆಣಸಿನಕಾಯಿ, ಸಬ್ಬಸಿಗೆ ಸೊಪ್ಪು ಕಲಸಿ ರೊಟ್ಟಿ ತಟ್ಟುತ್ತಾರೆ. ನಿಜ ಹೇಳಬೇಕೆಂದರೆ ಜ್ಯೂಸಿಗಿಂತ ಆ ರೊಟ್ಟಿಯೇ ಮನೆಯಲ್ಲಿ ಬೇಗ ಖಾಲಿಯಾಗುತ್ತದೆ.

ಬೀಟ್‌ರೂಟಿನ ಬಗ್ಗೆ ಒಂದೇ ಮಾತು. ಮೊದಲ ಸಲ ದೊಡ್ಡ ಲೋಟದ ತುಂಬ ಕುಡಿದ ದಿನ ಬಚ್ಚಲಿನಲ್ಲಿ ಕೆಂಪು ನೋಡಿ ಎದೆ ಧಸಕ್ಕೆಂದಿತ್ತು. ಅದು ರಕ್ತವಲ್ಲ, ಬೀಟ್‌ರೂಟಿನ ಬಣ್ಣ. ಕೆಲವರಿಗೆ ಹಾಗೆ ಹೋಗುತ್ತದೆ. ಆದರೆ ಕಿಡ್ನಿಯಲ್ಲಿ ಕಲ್ಲಾಗಿದ್ದವರು ಬೀಟ್‌ರೂಟ್, ಪಾಲಕ್ ರಸವನ್ನು ದಿನಾ ಕುಡಿಯುವ ಮುಂಚೆ ಡಾಕ್ಟರನ್ನು ಕೇಳಬೇಕು. ಎರಡರಲ್ಲೂ ಕಲ್ಲು ಕಟ್ಟಿಸುವ ಆಕ್ಸಲೇಟ್ ಎಂಬ ಅಂಶ ಜಾಸ್ತಿ.

ಸೋರೆಕಾಯಿಗೆ ಬರುತ್ತೇನೆ. ತೂಕ ಇಳಿಯುತ್ತದೆ ಅಂತ ಯಾರೋ ಹೇಳಿದ್ದು ಕೇಳಿ ಒಂದು ಭಾನುವಾರ ದೇವರಾಜ ಮಾರುಕಟ್ಟೆಯಿಂದ ಎಳೆಯ ಸೋರೆಕಾಯಿ ತಂದೆ. ಸಿಪ್ಪೆ ಹೆರೆದು, ಪುದೀನದ ಜೊತೆ ಜಾರಿಗೆ ಹಾಕುತ್ತಿರುವಾಗ ಅಮ್ಮ ಬಂದು ಕೈ ಹಿಡಿದರು. "ಚೂರು ತಿಂದು ನೋಡಿದೆಯೇನೋ?" ಇಲ್ಲ ಅಂದೆ. ಅವರು ಸೌತೆಕಾಯಿ ಹೆಚ್ಚುವಾಗ ತೊಟ್ಟಿನ ತುದಿ ಕತ್ತರಿಸಿ, ಅದೇ ಚೂರಿನಿಂದ ಗರಗರ ತಿಕ್ಕಿ ನೊರೆ ತೆಗೆಯುವುದನ್ನು, ಒಂದು ಬಿಲ್ಲೆ ಬಾಯಿಗೆ ಹಾಕಿಕೊಳ್ಳುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಅದೊಂದು ಅಭ್ಯಾಸ ಅಂದುಕೊಂಡಿದ್ದೆ. ಸೋರೆಯ ತೊಟ್ಟಿನ ಕಡೆಯಿಂದ ತೆಳ್ಳಗೆ ಒಂದು ಚೂರು ಕತ್ತರಿಸಿ ನಾಲಿಗೆ ತುದಿಗೆ ಮುಟ್ಟಿಸಿದರು, ತಕ್ಷಣ ಉಗಿದರು. "ವಿಷ ಕಣೋ ಇದು. ಎಸಿ." ನಾನೂ ಮುಟ್ಟಿಸಿಕೊಂಡೆ. ಹಾಗಲಕಾಯಿಯ ಕಹಿ ನಾಲಿಗೆಗೆ ಗೊತ್ತಿರುವ ಕಹಿ. ಇದು ಗಂಟಲಿಗೆ ಇಳಿದು ಕೂರುವ ಕಹಿ, ಎರಡು ಲೋಟ ಮಜ್ಜಿಗೆ ಕುಡಿದರೂ ಹೋಗಲಿಲ್ಲ.

ಅಮ್ಮ ಹೇಳಿದ್ದು ಮಾತಿಗೆ ಹೇಳಿದ್ದಲ್ಲ. ಸೋರೆ, ಸೌತೆ, ಹೀರೆ ಜಾತಿಯಲ್ಲಿ ಕುಕುರ್ಬಿಟಾಸಿನ್ ಎಂಬ ವಿಷ ಕೆಲವೊಮ್ಮೆ ಹೆಚ್ಚಾಗಿಬಿಡುತ್ತದೆ. ಹೊರಗೆ ನೋಡಿದರೆ ಗೊತ್ತಾಗುವುದಿಲ್ಲ, ಬೇಯಿಸಿದರೂ ಹೋಗುವುದಿಲ್ಲ. ಕಹಿ ಸೋರೆ ರಸ ಕುಡಿದು ನಮ್ಮ ದೇಶದಲ್ಲಿ ಜನ ಸತ್ತಿದ್ದಾರೆ. ಅದಾದ ಮೇಲೆಯೇ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ತಜ್ಞರ ಸಮಿತಿ 2011ರಲ್ಲಿ ಎಚ್ಚರಿಕೆ ಕೊಟ್ಟಿತು: ರಸ ತೆಗೆಯುವ ಮುಂಚೆ ಚೂರು ರುಚಿ ನೋಡಿ, ಕಹಿಯಿದ್ದರೆ ಎಸೆಯಿರಿ, ಬೇರೆ ರಸದ ಜೊತೆ ಬೆರೆಸಬೇಡಿ. ಕುಡಿದ ಮೇಲೆ ವಾಂತಿ, ಭೇದಿ ಶುರುವಾದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಇದಕ್ಕೆ ಪ್ರತಿವಿಷ ಅಂತ ಇಲ್ಲ. ಪುದೀನ, ನಿಂಬೆ, ಜೇನು ಹಾಕಿ ಆ ಕಹಿಯನ್ನು ಮುಚ್ಚಿ ಕುಡಿಯುವುದಕ್ಕೆ ನಾನು ಹೊರಟಿದ್ದೆ ಅನ್ನುವುದು ನೆನೆದರೆ ಈಗಲೂ ಬೆನ್ನು ತಣ್ಣಗಾಗುತ್ತದೆ. ಹಾಗಲಕಾಯಿ ಕುಡಿದು ಕುಡಿದು ಕಹಿ ಅಂದರೆ ಆರೋಗ್ಯ ಅಂತ ಲೆಕ್ಕ ಹಿಡಿದುಬಿಟ್ಟಿದ್ದೆ. ಈಗ ನಮ್ಮನೆಯಲ್ಲಿ ಸೋರೆ ಪಲ್ಯಕ್ಕಾದರೂ ಸರಿ, ಮೊದಲ ಚೂರು ನಾಲಿಗೆಗೆ.

ಕುಡಿಯುವ ಅಳತೆಯೂ ಈಗ ಇಳಿದಿದೆ. ಒಂದು ಲೋಟ ಮೂಸಂಬಿ ರಸಕ್ಕೆ ನಾಲ್ಕು ಹಣ್ಣು ಬೇಕು. ನಾಲ್ಕು ಹಣ್ಣು ಕೂತು ತಿನ್ನು ಅಂದರೆ ಎರಡಕ್ಕೇ ಸಾಕಾಗುತ್ತದೆ, ರಸವಾದರೆ ಅರ್ಧ ನಿಮಿಷದಲ್ಲಿ ಒಳಗೆ. ನಾರು ಬಟ್ಟೆಯಲ್ಲಿ, ಸಕ್ಕರೆ ಹೊಟ್ಟೆಯಲ್ಲಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯೂ ರಸಕ್ಕಿಂತ ಇಡೀ ಹಣ್ಣೇ ಮೇಲು ಅನ್ನುತ್ತದೆ. ವಾರಕ್ಕೆ ಮೂರು ದಿನ, ಕಾಫಿ ಲೋಟದಲ್ಲಿ ಒಂದು ಲೋಟ, ಅದು ನನ್ನ ಲೆಕ್ಕ. ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುವ ನನ್ನ ಅಣ್ಣನಿಗೆ ಅದೂ ಇಲ್ಲ, ಅವನಿಗೆ ಹಣ್ಣೇ.

ಮಗಳು ಕೇಳಿ ಕುಡಿಯುವುದು ಮಾತ್ರ ದ್ರಾಕ್ಷಿ ರಸವನ್ನು. ಬೆಂಗಳೂರಿನ ಸುತ್ತಮುತ್ತ ಬೆಳೆಯುವ ಬೆಂಗಳೂರು ನೀಲಿ ದ್ರಾಕ್ಷಿ, ಬೀಜ ಇರುವುದು, ದಪ್ಪ ಸಿಪ್ಪೆಯದು. ಹಾಪ್‌ಕಾಮ್ಸ್ ಮಳಿಗೆಗಳಲ್ಲಿ ಕುಡಿಯುವ ಆ ಕಡುನೇರಳೆ ರಸ ನೆನಪಿದೆಯಲ್ಲ, ಅದೇ. (ಹಾಪ್‌ಕಾಮ್ಸ್ ಹುಟ್ಟಿದ್ದೇ 1959ರಲ್ಲಿ, ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ.) ಇದನ್ನೂ ಮಿಕ್ಸಿಗೆ ಹಾಕಿದರೆ ಬೀಜ ಒಡೆದು ಬಾಯೆಲ್ಲ ಒಗರು. ಒಂದು ಕೆಜಿ ದ್ರಾಕ್ಷಿಯನ್ನು ಉಪ್ಪುನೀರಿನಲ್ಲಿ ನೆನೆಸಿ ತೊಳೆದು, ಮುಳುಗುವಷ್ಟು ನೀರು ಹಾಕಿ ಸಣ್ಣ ಉರಿಯಲ್ಲಿ ಇಡುತ್ತೇನೆ. ಬಣ್ಣವೆಲ್ಲ ಸಿಪ್ಪೆಯಲ್ಲೇ ಇರುವುದರಿಂದ ಬಿಸಿ ತಾಕಬೇಕು. ಸಿಪ್ಪೆ ಬಿರಿದು ನೀರು ನೇರಳೆಯಾಗುತ್ತಿದ್ದ ಹಾಗೆ ಇಳಿಸಿ, ಆರಿದ ಮೇಲೆ ಕೈಯಲ್ಲಿ ಕಿವುಚಿ, ಅದೇ ಪಂಚೆ ತುಂಡಿನಲ್ಲಿ ಹಿಂಡುವುದು. ಪಂಚೆ ಈಗ ಬಿಳಿಯಾಗಿ ಉಳಿದಿಲ್ಲ. ಲೋಟಕ್ಕೆ ನಿಂಬೆರಸ ಬೀಳುವುದನ್ನು ಮಗಳು ಕಾಯುತ್ತಿರುತ್ತಾಳೆ. ನಾಲ್ಕು ಹನಿ ಬಿದ್ದರೆ ನೇರಳೆ ಕೆಂಪಿಗೆ ತಿರುಗುತ್ತದೆ. "ಇನ್ನೆರಡು ಹನಿ ಅಪ್ಪಾ," ಅನ್ನುತ್ತಾಳೆ.