ಬ್ರೋಷರ್‌ನ ಅಂಕಿಗಳನ್ನು ಶಿರಾಡಿಯ ಏರಿಗೆ ಹೊಂದಿಸಿದ ಬಗೆ

ಕಾರು ಕೊಳ್ಳುವಾಗ ‘ಎಷ್ಟು ಬಿಎಚ್‌ಪಿ’, ಅಂದರೆ ಎಂಜಿನ್ನಿನ ಶಕ್ತಿ ಎಷ್ಟು, ಎಂದು ಎಲ್ಲರೂ ಕೇಳುತ್ತಾರೆ. ಅದು ಎಷ್ಟು ಆರ್‌ಪಿಎಂನಲ್ಲಿ, ಅಂದರೆ ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುವಾಗ ಸಿಗುತ್ತದೆ ಎಂದು ಕೇಳುವವರು ವಿರಳ. ನನ್ನ ಆಯ್ಕೆಯನ್ನು ನಿರ್ಧರಿಸಿದ್ದು ಈ ಎರಡನೆಯ ಪ್ರಶ್ನೆ.

ನಾವಿರುವುದು ಉಪ್ಪಿನಂಗಡಿ ಕಡೆ. ಹಾಸನಕ್ಕೆ ಆಗಾಗ ಹೋಗಬೇಕು. ಗುಂಡ್ಯ ದಾಟಿದ ಮೇಲೆ ಶಿರಾಡಿ ಘಾಟಿ, ಕಾರಿನ ತುಂಬ ಜನ, ಮುಂದೆ ಲಾರಿಗಳ ಸಾಲು. ನೋಡಿದ್ದು 2018ರ ಮಾದರಿಯ ಸೆಕೆಂಡ್‌ಹ್ಯಾಂಡ್ ಸ್ವಿಫ್ಟ್. 2020ರ ಏಪ್ರಿಲ್‌ನಿಂದ ಮಾರುತಿ ಡೀಸೆಲ್ ಕಾರು ನಿಲ್ಲಿಸಿದ್ದರಿಂದ ಡೀಸೆಲ್ ಬೇಕೆಂದರೆ ಹಳೆಯದೇ ಗತಿ. ಪೆಟ್ರೋಲ್ ಎಂಜಿನ್ನಿನದು ಗರಿಷ್ಠ ಎಂದರೆ 6000 ಆರ್‌ಪಿಎಂನಲ್ಲಿ 83 ಪಿಎಸ್ (ಇದೂ ಶಕ್ತಿಯ ಅಳತೆಯೇ), 4200ರಲ್ಲಿ 113 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ). ಡೀಸೆಲ್‌ನದು 4000ದಲ್ಲಿ 75 ಪಿಎಸ್, 2000ದಲ್ಲಿ 190 ನ್ಯೂಟನ್ ಮೀಟರ್.

ಮೊದಲು ಶಕ್ತಿಯ ಅಂಕಿಗಳನ್ನೆಲ್ಲ ಕಿಲೋವ್ಯಾಟ್‌ಗೆ ಇಳಿಸಿಕೊಂಡೆ. ಒಂದು ಪಿಎಸ್ ಎಂದರೆ 0.7355 ಕಿಲೋವ್ಯಾಟ್, ಒಂದು ಬಿಎಚ್‌ಪಿ ಎಂದರೆ 0.7457. ಹೀಗಾಗಿ ಅದೇ ಎಂಜಿನ್‌ಗೆ ಒಂದು ಕಡೆ 83, ಇನ್ನೊಂದು ಕಡೆ 82 ಎಂದು ಬರೆದಿರುತ್ತದೆ. ಅಷ್ಟರಿಂದ ಗಾಬರಿಯಾಗಬೇಕಿಲ್ಲ.

ಟಾರ್ಕ್ ಎಂದರೆ ಎಂಜಿನ್ ತನ್ನ ಶಾಫ್ಟನ್ನು ತಿರುಗಿಸುವ ಬಲ. ಆ ಬಲದಿಂದ ಎಷ್ಟು ವೇಗವಾಗಿ ತಿರುಗಿಸುತ್ತದೆ ಎಂಬುದೂ ಸೇರಿದರೆ ಶಕ್ತಿ. ಟಾರ್ಕನ್ನು ಆರ್‌ಪಿಎಂನಿಂದ ಗುಣಿಸಿ 9549ರಿಂದ ಭಾಗಿಸಿದರೆ ಕಿಲೋವ್ಯಾಟ್ ಸಿಗುತ್ತದೆ. ಡೀಸೆಲ್ ಎಂಜಿನ್ 2000 ಆರ್‌ಪಿಎಂನಲ್ಲೇ ಸುಮಾರು 40 ಕಿಲೋವ್ಯಾಟ್, ಅಂದರೆ 54 ಪಿಎಸ್ ಕೊಡುತ್ತದೆ. ಪೆಟ್ರೋಲ್ ಎಂಜಿನ್ ಅಷ್ಟು ಕೊಡಬೇಕಾದರೆ? ಅದರ ಟಾರ್ಕ್ 113ನ್ನು ಎಂದೂ ಮೀರುವುದಿಲ್ಲ. ಹಾಗಾಗಿ ಕನಿಷ್ಠ 3360 ಆರ್‌ಪಿಎಂ ದಾಟಲೇಬೇಕು. ಏರಿನಲ್ಲಿ ಲಾರಿಯ ಹಿಂದೆ ತೆವಳುವಾಗ ಇದರರ್ಥ ಗೇರ್ ಇಳಿಸು, ಎಂಜಿನ್ ಕೂಗಿಸು.

ಆದರೆ 190 ಮತ್ತು 113ನ್ನು ಪಕ್ಕಪಕ್ಕ ಇಟ್ಟು ಡೀಸೆಲ್‌ಗೆ ಹೆಚ್ಚುಕಡಿಮೆ ಎರಡು ಪಟ್ಟು ಎಳೆತ ಎನ್ನುವುದನ್ನು ನಾನು ಒಪ್ಪುವುದಿಲ್ಲ. ಚಕ್ರಕ್ಕೆ ತಲುಪುವ ಟಾರ್ಕನ್ನು ಗೇರ್ ಹಿಗ್ಗಿಸುತ್ತದೆ. ಹೆಚ್ಚು ಸುತ್ತುವ ಪೆಟ್ರೋಲ್ ಎಂಜಿನ್ ಕೆಳಗಿನ ಗೇರ್‌ನಲ್ಲಿ ಆ ಕೊರತೆಯನ್ನು ತುಂಬಿಕೊಳ್ಳಬಲ್ಲದು. ಒಂದೇ ವೇಗದಲ್ಲಿ ಎರಡು ಕಾರುಗಳು ಏರುವಾಗ ಎಳೆತವನ್ನು ನಿರ್ಧರಿಸುವುದು ಆ ಕ್ಷಣದ ಶಕ್ತಿ. ಡೀಸೆಲ್ ಕಾರಿನ ತೂಕ ಹೆಚ್ಚೆಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಅದೇ ಸೂತ್ರವನ್ನು ತಿರುಗಿಸಿದರೆ ಬ್ರೋಷರ್ ಹೇಳದ ಸಂಗತಿಯೂ ಹೊರಬರುತ್ತದೆ. 4000 ಆರ್‌ಪಿಎಂನಲ್ಲಿ ಡೀಸೆಲ್‌ನ ಟಾರ್ಕ್ 132ಕ್ಕೆ ಇಳಿದಿರುತ್ತದೆ. 2000ದಿಂದ ಮೇಲೆ ಎಳೆತ ಕುಗ್ಗುತ್ತ ಹೋಗುವುದರಿಂದ ಅದನ್ನು ಕೂಗಿಸಿ ಓಡಿಸುವುದರಲ್ಲಿ ಹೆಚ್ಚು ಲಾಭವಿಲ್ಲ, ಬೇಗ ಗೇರ್ ಏರಿಸಬೇಕು. ಪೆಟ್ರೋಲ್‌ನ ಟಾರ್ಕ್ 6000ದಲ್ಲೂ 97 ಇರುತ್ತದೆ.

2000ಕ್ಕಿಂತ ಕೆಳಗೆ ಏನಾಗುತ್ತದೆ ಎಂಬುದು ಮಾತ್ರ ಈ ಅಂಕಿಗಳಲ್ಲಿ ಇಲ್ಲ. ಈ ಡೀಸೆಲ್‌ನಂತೆ ಟರ್ಬೊ (ಎಂಜಿನ್‌ಗೆ ಹೆಚ್ಚು ಗಾಳಿ ತುಂಬುವ ಸಾಧನ) ಇರುವ ಎಂಜಿನ್‌ನಲ್ಲಿ ಅದೇ ಮುಖ್ಯ, ಏಕೆಂದರೆ ಟರ್ಬೊ ವೇಗ ಪಡೆಯುವವರೆಗೆ ಎಂಜಿನ್‌ಗೆ ಬೇಕಾದಷ್ಟು ಗಾಳಿ ಸಿಗುವುದಿಲ್ಲ. ಆದ್ದರಿಂದ ಡೀಸೆಲ್ ಕಾರನ್ನು ಓಡಿಸಿ ನೋಡುವಾಗ ಮೂರನೇ ಗೇರ್‌ನಲ್ಲಿ ಆರ್‌ಪಿಎಂ ಮುಳ್ಳು 1300ರ ಹತ್ತಿರ ಇದ್ದಾಗ ಒಮ್ಮೆ, 2000ದಲ್ಲಿ ಇನ್ನೊಮ್ಮೆ ಆಕ್ಸಿಲರೇಟರ್ ಒತ್ತಿ ನೋಡಿದೆ. ಮೊದಲ ಸಲ ಕಾರು ತಡವರಿಸಿತು, ಎರಡನೆಯ ಸಲ ಒಮ್ಮೆಲೇ ಮುನ್ನುಗ್ಗಿತು. ಘಾಟಿಯ ಕಡಿದಾದ ತಿರುವಿಗೆ ಮೊದಲೇ ಎರಡನೇ ಗೇರ್‌ಗೆ ಬಂದರೆ ಈ ತೊಂದರೆ ಇರುವುದಿಲ್ಲ ಎಂದು ಖಾತ್ರಿಯಾದ ಮೇಲೆ ಡೀಸೆಲ್ ಕಾರನ್ನೇ ಕೊಂಡೆ. ಓಡಾಟವೆಲ್ಲ ಪೇಟೆಯೊಳಗೇ ಆಗಿದ್ದರೆ ಹಗುರವಾದ ಪೆಟ್ರೋಲ್ ಕಾರನ್ನು ಆರಿಸುತ್ತಿದ್ದೆ.