ಪೆಟ್ರೋಲ್ ಲೈನಿಗೆ ಏರ್ ಹಿಡಿದಾಗ

"ಹೈ ವಿಂಗ್ ವಿಮಾನ, ಟ್ಯಾಂಕ್ ತಲೆ ಮೇಲೇ ಇದೆ, ಪೆಟ್ರೋಲ್ ತಾನಾಗೇ ಇಳಿಯುತ್ತೆ. ನಿನಗ್ಯಾಕೆ ರಿಟರ್ನ್ ಲೈನ್, ಪೆಟ್ರೋಲನ್ನು ವಾಪಸ್ ಟ್ಯಾಂಕಿಗೆ ಒಯ್ಯುವ ಕೊಳವೆ?" ನಮ್ಮ ಹ್ಯಾಂಗರ್ ಸಾಲಿನಲ್ಲಿ ಈ ಮಾತು ಹೇಳದವರೇ ಇರಲಿಲ್ಲ. ಈಗ ಮೂರು ಬೇಸಿಗೆ ಕಳೆದಿವೆ. ಟೆಕ್ಸಾಸ್ ಬಿಸಿಲಲ್ಲಿ 100 ಡಿಗ್ರಿ ಫ್ಯಾರನ್‌ಹೀಟ್ ದಾಟಿದ ದಿನ ಇಳಿಸಿ, ಇಪ್ಪತ್ತು ನಿಮಿಷ ಬಿಟ್ಟು ಮತ್ತೆ ಸ್ಟಾರ್ಟ್ ಮಾಡಿದರೂ ನನ್ನ ಫ್ಯೂಯೆಲ್ ಪ್ರೆಶರ್ ಮುಳ್ಳು ಅಲುಗುವುದಿಲ್ಲ. ಅದಕ್ಕೇ ಈಗ ಬರೆಯುವ ಧೈರ್ಯ ಬಂದಿದೆ.

ವಿಮಾನ ಕಿಟ್ ತರಿಸಿ ನಾನೇ ಜೋಡಿಸಿದ ಝೆನಿತ್ ಸಿಎಚ್ 750. ಇಂಜಿನ್ ರೋಟ್ಯಾಕ್ಸ್ 912 ಯುಎಲ್‌ಎಸ್. ಕುಡಿಯುವುದು ಕಾರಿನ ಬಂಕ್ ಪೆಟ್ರೋಲು, ಎಥನಾಲ್ ಬೆರೆತದ್ದು. ಮುಂದೆ ಬರುವ ಎಡವಟ್ಟುಗಳೆಲ್ಲ ನನ್ನವೇ, ಕಿಟ್‌ನವಲ್ಲ.

ಮೊದಲ ಎಡವಟ್ಟು ಗ್ಯಾರೇಜಿನಲ್ಲೇ ಆಯಿತು. ಟ್ಯೂಬಿನ ತುದಿ ಅಗಲಿಸುವ ಫ್ಲೇರಿಂಗ್ ಟೂಲ್ ಕಾರ್ ಸಾಮಾನಿನ ಅಂಗಡಿಯಲ್ಲಿ ಅಗ್ಗಕ್ಕೆ ಸಿಕ್ಕಿತು. ಕಾರಿನದು 45 ಡಿಗ್ರಿ, ನಮ್ಮ ವಿಮಾನದ ಎಎನ್ ಮಾದರಿ ಫಿಟಿಂಗ್‌ಗೆ ಬೇಕಾದದ್ದು 37. ಗೊತ್ತಿದ್ದೂ ಟೂಲ್ ಮೇಲೆ ಬರೆದದ್ದನ್ನು ನೋಡಲಿಲ್ಲ. ಹದಿನಾಲ್ಕು ಫ್ಲೇರ್ ಮಾಡಿದೆ, ಬಿಗಿದೆ, ಗಾಳಿ ತುಂಬಿಸಿ ಸೋಪಿನ ನೀರು ಬಳಿದೆ. ಎಲ್ಲ ನಟ್‌ನಲ್ಲೂ ಸಣ್ಣ ಸಣ್ಣ ಗುಳ್ಳೆ! ಟ್ಯೂಬು, ಹೊಸ ಟೂಲು ಸೇರಿ ಇನ್ನೂರು ಡಾಲರ್ ಹತ್ತಿರ ಹೋಯಿತು.

ನಿಜವಾದ ಪೆಟ್ಟು ಬಿದ್ದದ್ದು 40 ಗಂಟೆಯ ಟೆಸ್ಟ್ ಹಾರಾಟದಲ್ಲಿ, ಬಹುಶಃ ಹನ್ನೊಂದನೇ ಗಂಟೆ. ಮಾರ್ಚ್ ತಿಂಗಳು, ದಿಢೀರ್ ಸೆಕೆ. ಟ್ಯಾಂಕಿನಲ್ಲಿ ಇನ್ನೂ ಚಳಿಗಾಲದ ಪೆಟ್ರೋಲೇ ಇತ್ತು. ಅದು ಬೇಗ ಆವಿಯಾಗುವ ಜಾತಿ ಅಂತ ನಿಮಗೆ ಗೊತ್ತೇ ಇದೆ. ಇಳಿದೆ, ನೀರು ಕುಡಿದೆ, ಮತ್ತೆ ಸ್ಟಾರ್ಟ್ ಮಾಡಿದೆ. ರನ್-ಅಪ್, ಅಂದರೆ ಹಾರುವ ಮುಂಚಿನ ಇಂಜಿನ್ ಪರೀಕ್ಷೆ, ಚೆನ್ನಾಗೇ ಇತ್ತು. ರನ್‌ವೇಯಲ್ಲಿ ಫುಲ್ ಥ್ರಾಟಲ್ ಕೊಟ್ಟ ನಾಲ್ಕೈದು ಸೆಕೆಂಡಿಗೆ ಮುಳ್ಳು 4 ಪಿಎಸ್‌ಐನಿಂದ ಒಂದೂವರೆಗೆ ಬಿತ್ತು, ಇಂಜಿನ್ ಮುಗ್ಗರಿಸಿತು. ಥ್ರಾಟಲ್ ಎಳೆದು ನಿಲ್ಲಿಸಿದೆ. ಚಕ್ರ ನೆಲದ ಮೇಲೇ ಇದ್ದವು, ಬಚಾವ್. ಕಾಲು ನಡುಗುವುದು ನಿಲ್ಲಲು ಹತ್ತು ನಿಮಿಷ ಬೇಕಾಯಿತು.

ಹಿರಿಯೂರಿನ ಕಡೆ ನಮ್ಮ ತೋಟದಲ್ಲಿ ಡೀಸೆಲ್ ಪಂಪ್‌ಸೆಟ್ ಇತ್ತು. ಅದು ಹೀಗೇ ಮುಗ್ಗರಿಸಿದರೆ ಅಪ್ಪ "ಏರ್ ಹಿಡಿದಿದೆ" ಅಂತ ಸ್ಪ್ಯಾನರ್ ತಂದು ಬ್ಲೀಡ್ ಸ್ಕ್ರೂ ಸಡಿಲಿಸುತ್ತಿದ್ದರು. ಗುಳ್ಳೆ ಗುಳ್ಳೆಯಾಗಿ ಡೀಸೆಲ್ ಬಂದು, ಆಮೇಲೆ ಒಂದೇ ಧಾರೆಯಾಗುತ್ತಿತ್ತು. ಇಲ್ಲೂ ಅದೇ ರೋಗ. ಒಂದೇ ವ್ಯತ್ಯಾಸ, ಇಲ್ಲಿ ಗಾಳಿ ಹೊರಗಿಂದ ಬಂದದ್ದಲ್ಲ, ಪೆಟ್ರೋಲೇ ಕುದ್ದು ಆವಿಯಾದದ್ದು.

ಮೊದಲು ಎಲೆಕ್ಟ್ರಿಕ್ ಪಂಪ್ ಹಾಕಿದೆ. ಅದನ್ನು ಕೂರಿಸಿದ್ದು ಎಲ್ಲಿ? ಇಂಜಿನ್ನಿಗೂ ಕ್ಯಾಬಿನ್ನಿಗೂ ನಡುವಿನ ಗೋಡೆಯಾದ ಫೈರ್‌ವಾಲ್‌ನ ಮುಂದೆ, ಎಗ್ಸಾಸ್ಟ್‌ನ ನೆತ್ತಿಯ ಮೇಲೆ. ಅದೇ ಕಾದು ಕೆಂಡವಾಗಿ ಆವಿಯನ್ನೇ ಪಂಪ್ ಮಾಡಿತು. ಆಮೇಲೆ ಎಲ್ಲ ಹೋಸ್‌ಗೂ ಫೈರ್ ಸ್ಲೀವ್ ಎರಡೆರಡು ಪದರ ಸುತ್ತಿದೆ, ಅದಕ್ಕೊಂದು ನೂರೈವತ್ತು ಡಾಲರ್. ಫೈರ್ ಸ್ಲೀವ್ ಇರುವುದು ಬೆಂಕಿಗೆ. ನಿಂತ ಇಂಜಿನ್ನಿನ ಶಾಖವನ್ನು ಅದು ತಡೆಯುವುದಿಲ್ಲ, ಸ್ವಲ್ಪ ತಡ ಮಾಡುತ್ತದೆ ಅಷ್ಟೇ. ಕೊನೆಗೆ ಬಣ್ಣ ಬದಲಾಗುವ ಟೆಂಪರೇಚರ್ ಸ್ಟಿಕ್ಕರ್‌ಗಳನ್ನು ಅಲ್ಲಲ್ಲಿ ಅಂಟಿಸಿದೆ. ಹಾರುವಾಗ ಎಲ್ಲ ತಣ್ಣಗೇ ಇತ್ತು. ಆಫ್ ಮಾಡಿ ಕಾಲು ಗಂಟೆಗೆ ಇಂಜಿನ್ನಿನದೇ ಆದ ಮೆಕ್ಯಾನಿಕಲ್ ಪಂಪಿನ ಪಕ್ಕದ ಸ್ಟಿಕ್ಕರ್ 70 ಡಿಗ್ರಿ ಸೆಲ್ಸಿಯಸ್ ದಾಟಿತು! ಈ ಹತ್ತು ಡಾಲರ್ ಮೊದಲೇ ಖರ್ಚು ಮಾಡಿದ್ದರೆ ಉಳಿದದ್ದು ಉಳಿಯುತ್ತಿತ್ತು, ಅಲ್ವಾ?

ಆಮೇಲೆ ಎಲ್ಲ ಬಿಚ್ಚಿದೆ. ಎಲೆಕ್ಟ್ರಿಕ್ ಪಂಪ್ ಕ್ಯಾಬಿನ್ ಕಡೆ, ಆದಷ್ಟು ಕೆಳಗೆ ಹೋಯಿತು. ಮೆಕ್ಯಾನಿಕಲ್ ಪಂಪಿಗೆ ತಗಡಿನ ಕವಚ ಮಾಡಿ ತಣ್ಣನೆ ಗಾಳಿಯ ಕೊಳವೆ ಬಿಟ್ಟೆ. ಲೈನಿನಲ್ಲಿ ಗೂನು ಇಲ್ಲ, ಜೋತು ಬಿದ್ದದ್ದೂ ಇಲ್ಲ. ಕಾರ್ಬ್ಯುರೇಟರ್ ಹತ್ತಿರದಿಂದ ಹರಿವನ್ನು ಕಡಿಮೆ ಮಾಡುವ 0.35 ಮಿಲಿಮೀಟರ್ ತೂತಿನ ರಿಸ್ಟ್ರಿಕ್ಟರ್ ಹಾಕಿ ರಿಟರ್ನ್ ಲೈನ್ ಎಡ ಟ್ಯಾಂಕಿಗೆ. ಕಾದ ಪೆಟ್ರೋಲು, ಆವಿ ಎರಡೂ ಸದಾ ವಾಪಸ್ ಹೋಗುತ್ತಿರುತ್ತವೆ. ಅಪ್ಪನ ಬ್ಲೀಡ್ ಸ್ಕ್ರೂವನ್ನು ಶಾಶ್ವತವಾಗಿ ಸಡಿಲ ಬಿಟ್ಟ ಹಾಗೆ. ಇಂಜಿನ್ ಕಂಪನಿಯ ಕೈಪಿಡಿಯಲ್ಲೂ ರಿಟರ್ನ್ ಲೈನ್ ಇದೆ, ನಮ್ಮವರೇ ಬೇಡ ಅನ್ನುತ್ತಿದ್ದದ್ದು. ಆ ಕವಚದ ಆಕಾರ, ಗಾಳಿ ಬೀಳುವ ಕೋನ ಮಾತ್ರ ಹೇಳುವುದಿಲ್ಲ. ಆರು ತಗಡು ಹಾಳು ಮಾಡಿ ಕಲಿತದ್ದು, ಸುಮ್ನೆ ಹೇಗೆ ಕೊಡಲಿ?

ಅಲ್ಲಿಗೇ ಮುಗಿಯಲಿಲ್ಲ. ಬಲ ಟ್ಯಾಂಕಿನಿಂದ ಹಾರುತ್ತಿದ್ದ ಒಂದು ದಿನ ಎಡ ರೆಕ್ಕೆಯಲ್ಲಿ ಟ್ಯಾಂಕಿಗೆ ಗಾಳಿಯಾಡುವ ವೆಂಟ್‌ನಿಂದ ತೆಳ್ಳಗೆ ಏನೋ ಹಾರುತ್ತಿತ್ತು. ಬಲದಿಂದ ಹೀರಿದ್ದನ್ನು ರಿಟರ್ನ್ ಲೈನ್ ತುಂಬಿದ ಎಡ ಟ್ಯಾಂಕಿಗೆ ಸುರಿಯುತ್ತಿತ್ತು! ಫೀಡ್, ರಿಟರ್ನ್ ಎರಡನ್ನೂ ಒಟ್ಟಿಗೆ ತಿರುಗಿಸುವ ಡ್ಯುಪ್ಲೆಕ್ಸ್ ಸೆಲೆಕ್ಟರ್ ತರಿಸಿದೆ. ಐನೂರು ಡಾಲರ್ ಚಿಲ್ಲರೆ. ಬಿಲ್ಲನ್ನು ಹೆಂಡತಿಗೆ ತೋರಿಸಿಲ್ಲ.

ಫ್ಯೂಯೆಲ್ ಫ್ಲೋ ಮೀಟರ್ ಕೂಡ ಆಟ ಆಡಿಸಿತು. ಸೆನ್ಸರ್ ಪಂಪಿಗೆ ಮೊದಲೇ ಇರುವುದರಿಂದ ರಿಟರ್ನ್ ಹೋದದ್ದನ್ನೂ ಇಂಜಿನ್ ಕುಡಿದದ್ದು ಅಂತ ಲೆಕ್ಕ ಹಾಕುತ್ತದೆ. ಗಂಟೆಗೆ ಎರಡು ಲೀಟರ್ ಚಿಲ್ಲರೆ ಜಾಸ್ತಿ. ಒಂದು ದಿನ ಇದ್ದಕ್ಕಿದ್ದಂತೆ ಲೆಕ್ಕ ಸರಿಯಾಗಿ ಬಂತು. ಖುಷಿಪಟ್ಟೆ. ಮನೆಗೆ ಬರುವಾಗ ದಾರಿಯಲ್ಲಿ ತಲೆಗೆ ಹೊಳೆಯಿತು, ರಿಸ್ಟ್ರಿಕ್ಟರ್ ಕಟ್ಟಿಕೊಂಡಿದೆ! ಬಿಚ್ಚಿ ಬೆಳಕಿಗೆ ಹಿಡಿದರೆ ಆ ತೂತಿನಲ್ಲಿ ಸಾಸಿವೆಗಿಂತ ಸಣ್ಣ ಕಪ್ಪು ರಬ್ಬರ್ ಚೂರು.

ಆ ಚೂರಿನ ಹಿಂದೆ ಬಿದ್ದು ಇನ್ನೊಂದು ಪ್ರಯೋಗ. ಕೈಗೆ ಸಿಕ್ಕ ಐದು ಬಗೆಯ ಹೋಸ್ ತುಂಡುಗಳನ್ನು ಖಾಲಿ ಉಪ್ಪಿನಕಾಯಿ ಬಾಟಲಿಗಳಲ್ಲಿ ಬಂಕ್ ಪೆಟ್ರೋಲಿಗೆ ಹಾಕಿ ಹೊರಗಿನ ಶೆಡ್ಡಿನಲ್ಲಿ ಆರು ತಿಂಗಳು ಇಟ್ಟೆ. ಒಂದು ಊದಿ ಬಾಟಲಿಯ ಬಾಯಿಯಿಂದ ಹೊರಬರಲೇ ಇಲ್ಲ. ಇನ್ನೊಂದನ್ನು ಉದ್ದಕ್ಕೆ ಸೀಳಿ ಬೆರಳಾಡಿಸಿದರೆ ಒಳಗೋಡೆ ಕಾಡಿಗೆಯಂತೆ ಕೈಗೆ ಹತ್ತಿತು. ಹೊರಗೆ ನೋಡಿದರೆ ಹೊಸದರಂತೆ ಮಿರಮಿರ! ಹೊರಗಿಂದ ಹಿಸುಕಿ ಚೆನ್ನಾಗಿದೆ ಅನ್ನುವವರಿಗೆ ಈಗಲೂ ಆ ತುಂಡು ತೋರಿಸುತ್ತೇನೆ. ಹೋಸ್ ಬದಲಾಯಿಸಲು ರೋಟ್ಯಾಕ್ಸ್ ಕೊಟ್ಟ 5 ವರ್ಷದ ಗಡುವನ್ನು ನಾನು ಒಂದು ದಿನವೂ ದಾಟಿಸುವುದಿಲ್ಲ.

ಫ್ಲೋ ಟೆಸ್ಟ್ ಮಾಡದೆ ಮತ್ತೆ ಹಾರಲಿಲ್ಲ. ಮೂಗಿನ ಚಕ್ರ ಎತ್ತಿ ಕಟ್ಟಿ, ಟ್ಯಾಂಕಿನಲ್ಲಿ ತಳ ಕಾಣುವಷ್ಟೇ ಪೆಟ್ರೋಲ್ ಬಿಟ್ಟು, ಬಯಲಲ್ಲಿ, ಅರ್ಥಿಂಗ್ ತಂತಿ ಹಾಕಿ, ಕಾರ್ಬ್ಯುರೇಟರ್‌ಗೆ ಹೋಗುವ ಲೈನನ್ನು ಕ್ಯಾನಿಗೆ ಬಿಟ್ಟೆ. ಟೇಕಾಫ್‌ನಲ್ಲಿ ಇಂಜಿನ್ ಕುಡಿಯುವುದು ಗಂಟೆಗೆ 27 ಲೀಟರ್ ಸುಮಾರು. ಪಂಪ್ ಇಲ್ಲದೆ ಅದರ ಒಂದೂವರೆ ಪಟ್ಟು, ಅಂದರೆ 40 ಚಿಲ್ಲರೆ ಬರಬೇಕು. ಬಂದದ್ದು 38. ಎರಡು 90 ಡಿಗ್ರಿ ಎಲ್ಬೋ ತೆಗೆದು ಟ್ಯೂಬನ್ನೇ ದೊಡ್ಡ ಸುತ್ತಿನಲ್ಲಿ ಬಗ್ಗಿಸಿದೆ. ಐವತ್ತರ ಹತ್ತಿರ ಬಂತು.

ಗೇಲಿ ಮಾಡುತ್ತಿದ್ದವರಲ್ಲಿ ಮುಂದಿದ್ದ ಪಕ್ಕದ ಹ್ಯಾಂಗರಿನ ಹಿರಿಯರು ಮೊನ್ನೆ ಟಾರ್ಚ್ ಹಿಡಿದು ಬಂದರು. ಇಂಜಿನ್ನಿನ ಹೊದಿಕೆ ಕೌಲಿಂಗ್ ಒಳಗೆ ತುಂಬಾ ಹೊತ್ತು ಬಗ್ಗಿ ನೋಡಿದರು. ನಟ್‌ಗಳ ಮೇಲೆ, ಸಡಿಲಾದರೆ ಗೊತ್ತಾಗಲೆಂದು ಎಳೆದ ಕಿತ್ತಳೆ ಗೆರೆಗಳನ್ನು ಒಂದೊಂದಾಗಿ ಎಣಿಸಿದರು. ಕೊನೆಗೆ, "ಆ ರಿಸ್ಟ್ರಿಕ್ಟರ್ ತೂತು ಎಷ್ಟು ಅಂದೆ?" ಎಂದರು. ಹೇಳಿದೆ. ಕವಚ ಬಿಚ್ಚಿ ತೋರಿಸು ಅಂದಾಗ ಮಾತ್ರ ಕಾಫಿಗೆ ಕರೆದುಕೊಂಡು ಹೋದೆ.